ದಿನದ ಕ್ಯಾಲೊರಿ ಲೆಕ್ಕ ಸಂಜೆಗೆ ಕೈತಪ್ಪುತ್ತದೆ: ತೆಂಗಿನಕಾಯಿ ಅಡುಗೆಯ ಮನೆಯವರು ಹೇಗೆ ನಿಭಾಯಿಸುತ್ತೀರಿ?

ನೀರ್ಚಾಲು ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 72 ಕಿಲೋ. ದಿನಕ್ಕೆ 1450 ಕ್ಯಾಲೊರಿ ಎಂದು ಗುರಿ ಇಟ್ಟುಕೊಂಡಿದ್ದೇನೆ. ಬೆಳಗ್ಗೆ, ಮಧ್ಯಾಹ್ನ ಸರಿಯಾಗಿಯೇ ಹೋಗುತ್ತದೆ. ಶಾಲೆ ಬಿಟ್ಟು ಮನೆಗೆ ಬಂದ ಮೇಲೆ ಕಷ್ಟ. ಚಹಾದ ಜೊತೆ ಏನಾದರೂ ಬೇಕೇ ಬೇಕು ಅನಿಸುತ್ತದೆ. ಅಲ್ಲಿಂದ ರಾತ್ರಿ ಊಟದವರೆಗೆ ಬಾಯಾಡಿಸಿದ್ದು ಎಷ್ಟು ಎಂದು ಬರೆದಿಡಲೂ ಆಗುವುದಿಲ್ಲ.

ಇನ್ನೊಂದು ತೊಂದರೆ ನಮ್ಮ ಅಡುಗೆಯದ್ದು. ಫೋನಿನ ಕ್ಯಾಲೊರಿ ಲೆಕ್ಕದ ಆಪ್‌ನಲ್ಲಿ ಕಾಯಿ ಅರೆದು ಮಾಡುವ ಕೊದ್ದೆಲ್ ಇಲ್ಲ, ಮೇಲಾರ ಇಲ್ಲ, ಸಾಸಮೆ ಇಲ್ಲ. ಸಾಂಬಾರ್ ಎಂದು ಹಾಕಿದರೆ ಕಾಯಿ ಹಾಕದ ಸಾಂಬಾರಿನ ಲೆಕ್ಕ ಬರುತ್ತದೆ. ಮನೆಯಲ್ಲಿ ಆರು ಜನ, ಎಲ್ಲರಿಗೂ ಒಂದೇ ಪಾತ್ರೆ. ಅದರಲ್ಲಿ ನನ್ನ ಪಾಲಿಗೆ ಎಷ್ಟು ಬಂತು? ನನಗೆ ಮಾತ್ರ ಬೇರೆ ಅಡುಗೆ ಮಾಡಿಕೊಳ್ಳುವ ಮನಸ್ಸಿಲ್ಲ. ಅತ್ತೆ ಮಾಡಿದ್ದನ್ನೇ ಎಲ್ಲರ ಜೊತೆ ಕೂತು ಉಣ್ಣಬೇಕು. ತೂಕವೂ ಇಳಿಯಬೇಕು. ನಮ್ಮ ಕಾಸರಗೋಡು ಕಡೆಯವರು ಯಾರಾದರೂ ಇದನ್ನು ಮಾಡಿದ್ದರೆ ದಯವಿಟ್ಟು ಬರೆಯಿರಿ.

ಪೆರ್ಲದ ತೋಟದವ

ಟೀಚರೇ, ನಾನು ತೂಗುವ ತಕ್ಕಡಿ ಇಲ್ಲದೆಯೇ ತೂಕ ಇಳಿಸಿದವನು. ಬೆಳಗ್ಗೆ ದಿನಾ ಒಂದೇ ತಿಂಡಿ, ಒಂದೇ ಅಳತೆ. ರಾತ್ರಿ ಕುಚ್ಚಲಕ್ಕಿ ಗಂಜಿ, ಹುರುಳಿ ಪಲ್ಯ, ಒಂದು ತುಂಡು ಮಾವಿನ ಉಪ್ಪಿನಕಾಯಿ. ಎರಡು ಹೊತ್ತು ಬದಲಾಗದೆ ಇದ್ದರೆ ಲೆಕ್ಕ ಒಮ್ಮೆ ಮಾಡಿದರೆ ಸಾಕು. ಆಮೇಲೆ ಮಧ್ಯಾಹ್ನದ ಊಟ ಮತ್ತು ಸಂಜೆಯ ಚಹಾ ಮಾತ್ರ ನೋಡಿಕೊಂಡರಾಯಿತು. ಬಟ್ಟಲಿಗೆ ಬೀಳುವ ಪ್ರತಿಯೊಂದನ್ನೂ ಫೋನಿಗೆ ಹೇಳುತ್ತಾ ಕೂತರೆ ಊಟದ ಖುಷಿ ಹೋಗುತ್ತದೆ. ನಮ್ಮ ಊಟ ಹಾಗೆ ಅಳೆಯುವಂಥದ್ದಲ್ಲ ಅಂತ ನನ್ನ ಅಭಿಪ್ರಾಯ.

ಮಂಜೇಶ್ವರದ ಡಯಟೀಷಿಯನ್

ತೋಟದ ಅಣ್ಣ ಹೇಳಿದ ಎರಡು ಹೊತ್ತಿನ ಉಪಾಯ ತುಂಬ ಒಳ್ಳೆಯದು, ಟೀಚರ್. ಅದನ್ನು ಇಟ್ಟುಕೊಳ್ಳಿ. ಆದರೆ ನಮ್ಮ ಊಟ ಅಳೆಯಲು ಆಗದ್ದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಟ್ಟಲನ್ನು ಅಳೆಯುವುದು ಕಷ್ಟ ನಿಜ. ಪಾತ್ರೆಯನ್ನು ಅಳೆಯುವುದು ಸುಲಭ.

ಮೊದಲು ನಿಮ್ಮ ಗುರಿ ಸರಿ ಉಂಟಾ ನೋಡುವ. 1990ರಲ್ಲಿ ಬಂದ ಮಿಫ್ಲಿನ್ ಸೂತ್ರ ಹೆಚ್ಚಿನ ಕಡೆ ಬಳಕೆಯಲ್ಲಿದೆ. ಹೆಂಗಸರಿಗೆ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ವಯಸ್ಸನ್ನು 5ರಿಂದ ಗುಣಿಸಿ ಕಳೆಯಬೇಕು. ಕೊನೆಗೆ 161 ಕಳೆಯಬೇಕು. ನಿಮಗೆ 1344 ಬರುತ್ತದೆ. ಸುಮ್ನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು ಅಷ್ಟು. ಶಾಲೆ, ಮನೆಗೆಲಸ, ಸ್ವಲ್ಪ ನಡಿಗೆ ಇರುವವರಿಗೆ ಅದನ್ನು 1.375ರಿಂದ ಗುಣಿಸುತ್ತೇವೆ. ಸುಮಾರು 1850. ಅದರಲ್ಲಿ 400 ಕಡಿಮೆ ಅಂದರೆ 1450. ನಿಮ್ಮ ಗುರಿ ಸರಿಯಾಗಿಯೇ ಇದೆ. ಇದಕ್ಕಿಂತ ಕೆಳಗೆ ಹೋಗುವ ಅವಸರ ಬೇಡ.

ಈಗ ಪಾತ್ರೆಗೆ ಬರುವ. ಸೌತೆಕಾಯಿ ಕೊದ್ದೆಲ್ ಮಾಡುತ್ತೀರಿ ಅಂತ ಇಟ್ಟುಕೊಳ್ಳಿ. ಒಲೆಗೆ ಇಡುವ ಮೊದಲು ಹಸಿ ಸಾಮಾನನ್ನು ಮಾತ್ರ ತೂಗಿ. ತೊಗರಿಬೇಳೆ 100 ಗ್ರಾಂ, ಸುಮಾರು 340 ಕ್ಯಾಲೊರಿ. ತೆಂಗಿನತುರಿ 120 ಗ್ರಾಂ, ಅದರಲ್ಲಿ 430ರಷ್ಟು. ಒಗ್ಗರಣೆಗೆ ಎರಡು ಟೀ ಚಮಚ ಕೊಬ್ಬರಿ ಎಣ್ಣೆ, 85. ಸೌತೆ 600 ಗ್ರಾಂ ಇದ್ದರೂ 90 ದಾಟುವುದಿಲ್ಲ. ಸಣ್ಣ ತುಂಡು ಬೆಲ್ಲ 40. ಒಟ್ಟು ಸಾವಿರದ ಹತ್ತಿರ. ಕುದಿದು ಇಳಿಸಿದ ಮೇಲೆ ನಿಮ್ಮ ಮನೆಯ ಸೌಟಿನಲ್ಲಿ ಎಷ್ಟು ಸೌಟು ಆಗುತ್ತದೆ ಎಂದು ಒಮ್ಮೆ ಅಳೆಯಿರಿ. ಹತ್ತು ಸೌಟು ಆದರೆ ಒಂದು ಸೌಟಿಗೆ 100. ಮುಗಿಯಿತು. ಮುಂದಿನ ಸಲ ಅದೇ ಅಳತೆಯಲ್ಲಿ ಮಾಡಿದರೆ ಮತ್ತೆ ತೂಗಬೇಕಾಗಿಲ್ಲ.

ಆ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಸಾವಿರದಲ್ಲಿ 430 ತೆಂಗಿನಕಾಯಿಯದ್ದೇ. ಹಸಿ ಕಾಯಿ 100 ಗ್ರಾಮಿಗೆ 350ರಿಂದ 400 ಕ್ಯಾಲೊರಿ. ಕಾಯಿ ಎಷ್ಟು ಬಲಿತಿದೆ ಎಂಬುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಕಾಯಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ನಮ್ಮ ಅಡುಗೆಯ ಜೀವ. 120 ಗ್ರಾಂ ಇದ್ದದ್ದನ್ನು 70 ಮಾಡಿ, ಜೊತೆಗೆ ಒಂದು ಹಿಡಿ ಬೇಳೆ ಅಥವಾ ಬೆಂದ ಸೌತೆಯನ್ನೇ ಸ್ವಲ್ಪ ರುಬ್ಬಿ ಹಾಕಿ. ದಪ್ಪ ಬರುತ್ತದೆ, ರುಚಿ ಉಳಿಯುತ್ತದೆ.

ಉಪ್ಪಳದ ಅಡುಗೆಮನೆ

ಡಯಟೀಷಿಯನ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇನ್ನೂ ಒಂದು ಸೇರಿಸುತ್ತೇನೆ. ಹೆಚ್ಚಿನ ಮನೆಗಳಲ್ಲಿ ಕಾಯಿ ತುರಿದವರು ಕೈ ಅಂದಾಜಿನಲ್ಲಿ ಹಾಕುತ್ತಾರೆ. ನಮ್ಮಲ್ಲಿ ಉಮ್ಮ ಅಡುಗೆ ಮಾಡುವುದು. ಅವರಿಗೆ ತಕ್ಕಡಿ ಹಿಡಿಯಲು ಹೇಳಿದರೆ ಬೇಸರ ಆಗುತ್ತದೆ. ಅದಕ್ಕೆ ನಾನು ಕಾಯಿ ತುರಿಯುವ ಕೆಲಸವನ್ನು ನನ್ನದೇ ಮಾಡಿಕೊಂಡೆ. ತುರಿದು, ತೂಗಿ, ಬಟ್ಟಲಲ್ಲಿ ಇಟ್ಟು ಕೊಡುತ್ತೇನೆ. ಅವರು ಅವರ ಪಾಡಿಗೆ ರುಬ್ಬುತ್ತಾರೆ. ಎಣ್ಣೆಗೂ ಹಾಗೆಯೇ. ದಿನಕ್ಕೆ ಬೇಕಾದಷ್ಟನ್ನು ಬೆಳಗ್ಗೆ ಸಣ್ಣ ಬಾಟ್ಲಿಗೆ ಹಾಕಿಡುತ್ತೇನೆ. ಸಂಜೆ ಬಾಟ್ಲಿ ನೋಡಿದರೆ ಗೊತ್ತಾಗುತ್ತದೆ.

ಎಣ್ಣೆ ಒಂದು ಗ್ರಾಮಿಗೆ 9 ಕ್ಯಾಲೊರಿ. ಅಕ್ಕಿಯ ಹಿಟ್ಟಿನಂಶಕ್ಕೆ, ಸಕ್ಕರೆಗೆ 4. ಎರಡು ಪಟ್ಟಿಗಿಂತಲೂ ಜಾಸ್ತಿ. ಕೊಬ್ಬರಿ ಎಣ್ಣೆ ಆರೋಗ್ಯಕ್ಕೆ ಒಳ್ಳೆಯದು ಅಂತ ಧಾರಾಳ ಹಾಕುವವರು ಇದನ್ನು ಗಮನಿಸಬೇಕು. ಯಾವ ಎಣ್ಣೆಯಾದರೂ 9 ಅಂದರೆ 9.

ಮೀನು ತಿನ್ನುವ ಮನೆಯವರಿಗೆ ಒಂದು ಮಾತು. ಬೂತಾಯಿ ಪುಳಿಮುಂಚಿಗೆ, ಅಂದರೆ ಹುಳಿ-ಮೆಣಸಿನ ಸಾರಿಗೆ, ಕಾಯಿ ಬೇಡ. ಕಾಯಿ ಹಾಕಿದ ಗಸಿ ವಾರಕ್ಕೆ ಒಂದು ದಿನ ಇರಲಿ, ಪುಳಿಮುಂಚಿ ಉಳಿದ ದಿನ ಇರಲಿ. ಬಂಗುಡೆಯನ್ನು ಕಾವಲಿಯಲ್ಲಿ ಒಂದು ಚಮಚ ಎಣ್ಣೆಯಲ್ಲಿ ಕಾಯಿಸಿದರೂ ಚೆನ್ನಾಗಿಯೇ ಆಗುತ್ತದೆ. ಮೀನು ಇದ್ದ ದಿನ ನನಗೆ ಸಂಜೆ ಅಷ್ಟು ಹಸಿವಾಗುವುದಿಲ್ಲ.

ಕುಂಬಳೆಯ ರೈಲುಪ್ರಯಾಣಿಕ

ನಾನು ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬರುವವನು. ಟೀಚರ್ ಹೇಳಿದ ಸಂಜೆಯ ಕಷ್ಟ ನನಗೂ ಉಂಟು. ಸ್ಟೇಷನ್ ಹೊರಗೆ ಚಾಯದಂಗಡಿ, ಗಾಜಿನ ಪೆಟ್ಟಿಗೆಯಲ್ಲಿ ಬಿಸಿಬಿಸಿ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ), ಪರಿಪ್ಪುವಡ (ಬೇಳೆ ವಡೆ). ನಿಲ್ಲದೆ ಬರಲು ಆಗುವುದಿಲ್ಲ. ನನ್ನ ಪ್ರಶ್ನೆ ಇಷ್ಟು. ಮನೆಗೆ ಬಂದು ಒಂದು ಗಂಟೆ ನಡೆಯುತ್ತೇನೆ. ನಡೆದ ಕ್ಯಾಲೊರಿಯನ್ನು ವಾಚ್ ತೋರಿಸುತ್ತದೆ. ಅಷ್ಟನ್ನು ದಿನದ ಗುರಿಗೆ ಸೇರಿಸಿಕೊಂಡು ತಿನ್ನಬಹುದಾ?

ಮಂಜೇಶ್ವರದ ಡಯಟೀಷಿಯನ್

ಸೇರಿಸಬೇಡಿ. ಎರಡು ಕಾರಣ. ಗುರಿ ಹಾಕುವಾಗಲೇ ಓಡಾಟದ ಪಾಲನ್ನು ಗುಣಿಸಿ ಆಗಿದೆ. ಮತ್ತೆ ಸೇರಿಸಿದರೆ ಒಂದೇ ನಡಿಗೆಯನ್ನು ಎರಡು ಸಲ ಲೆಕ್ಕ ಹಾಕಿದ ಹಾಗೆ. ಇನ್ನೊಂದು, ವಾಚಿನ ಸಂಖ್ಯೆ ಬರೀ ಅಂದಾಜು. 70 ಕಿಲೋ ತೂಕದವರು ಒಂದು ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಕೂತಿದ್ದಕ್ಕಿಂತ ಹೆಚ್ಚಾಗಿ ಖರ್ಚಾಗುವುದು 150ರಿಂದ 200 ಕ್ಯಾಲೊರಿ ಅಷ್ಟೇ. ನೇಂದ್ರ ಹಣ್ಣು, ಮೈದಾ, ಎಣ್ಣೆ ಸೇರಿದ ಒಂದು ಪಳಂಪೊರಿಯಲ್ಲಿ ಅದು ಹೋಯಿತು. ನಡಿಗೆ ಬಿಡಬೇಡಿ, ಅದು ಸಕ್ಕರೆ, ರಕ್ತದೊತ್ತಡ, ನಿದ್ದೆ ಎಲ್ಲದಕ್ಕೂ ಒಳ್ಳೆಯದು. ತಿನ್ನಲು ಸಿಗುವ ಸಂಬಳ ಅಂತ ಮಾತ್ರ ಅದನ್ನು ನೋಡಬೇಡಿ.

ಸಂಜೆಯ ಹಸಿವಿಗೆ ಮದ್ದು ಮಧ್ಯಾಹ್ನದ ಬಟ್ಟಲಲ್ಲಿ ಇದೆ. ನಿಮ್ಮಿಬ್ಬರಿಗೂ ಹೇಳುತ್ತೇನೆ. ಡಬ್ಬಿಗೆ ಅನ್ನ, ಸಾರು, ಒಂದು ಚಮಚ ಪಲ್ಯ ಹಾಕಿಕೊಂಡು ಹೋದರೆ ನಾಲ್ಕು ಗಂಟೆಗೆ ಹಸಿವಾಗಲೇಬೇಕು. ಅನ್ನ ಒಂದು ಸೌಟು ಇಳಿಸಿ. ಆ ಜಾಗಕ್ಕೆ ಮೊಳಕೆ ಹೆಸರು, ಕಡಲೆ, ಮೊಟ್ಟೆ ಅಥವಾ ಮೀನು ಬರಲಿ. ಒಂದು ಮೊಟ್ಟೆಯಲ್ಲಿ 70 ಚಿಲ್ಲರೆ ಕ್ಯಾಲೊರಿಗೆ 6 ಗ್ರಾಂ ಪ್ರೋಟೀನ್ ಸಿಗುತ್ತದೆ. ಒಣ ಹೆಸರುಕಾಳಿನಲ್ಲಿ 100 ಗ್ರಾಮಿಗೆ 24 ಗ್ರಾಂನಷ್ಟು. ಚಹಾಕ್ಕೆ ಮೊದಲೇ 200 ಕ್ಯಾಲೊರಿ ತೆಗೆದಿಟ್ಟುಬಿಡಿ. ಬೆಳಗ್ಗೆಯೇ ಬರೆದುಬಿಡಿ. ಆಗ ಸಂಜೆ ತಿಂದದ್ದು ಗುರಿಯ ಒಳಗೇ ಇರುತ್ತದೆ, ತಪ್ಪು ಮಾಡಿದೆ ಅನ್ನುವ ಭಾವನೆಯೂ ಬರುವುದಿಲ್ಲ.

ಪೆರ್ಲದ ತೋಟದವ

ಚಹಾ ಅಂದಾಗ ನೆನಪಾಯಿತು. ನಮ್ಮ ಕಡೆ ಕೆಲಸದ ದಿನ ಚಹಾಕ್ಕೆ ಲೆಕ್ಕವೇ ಇಲ್ಲ. 100 ಮಿಲಿ ಹಾಲು, ಎರಡು ಚಮಚ ಸಕ್ಕರೆ ಹಾಕಿದ ಒಂದು ಗ್ಲಾಸು ಸುಮಾರು 100 ಕ್ಯಾಲೊರಿ. ಮೂರು ಗ್ಲಾಸು ಕುಡಿದರೆ ಒಂದು ಹೊತ್ತಿನ ತಿಂಡಿಯಷ್ಟಾಯಿತು. ನಾನು ನಡುವಿನ ಚಹಾವನ್ನು ಹಾಲು, ಸಕ್ಕರೆ ಇಲ್ಲದ ಕಟ್ಟನ್ ಚಾಯ ಮಾಡಿದೆ. ನಿಂಬೆ ಹಿಂಡಿದರೆ ಇನ್ನೂ ಒಳ್ಳೆಯದು. ಸಕ್ಕರೆ ಬದಲು ಬೆಲ್ಲ ಹಾಕಿದರೆ ಪರವಾಗಿಲ್ಲ ಅಂತ ಹಲವರು ಹೇಳುತ್ತಾರೆ. ಬೆಲ್ಲ 100 ಗ್ರಾಮಿಗೆ 380ರ ಆಸುಪಾಸು, ಸಕ್ಕರೆ 400. ತೂಕ ಇಳಿಸುವ ಲೆಕ್ಕದಲ್ಲಿ ಎರಡೂ ಒಂದೇ.

ಪಾತ್ರೆ ಅಳೆಯುವ ಕ್ರಮ ಓದಿದೆ. ಅದು ಸರಿ ಅನಿಸಿತು. ನಾಳೆ ಮನೆಯಾಕೆಗೆ ಹೇಳುತ್ತೇನೆ.

ಮುಳ್ಳೇರಿಯದ ಅಮ್ಮ

ಮಕ್ಕಳೇ, ನನಗೆ 61 ವರ್ಷ, ಸಕ್ಕರೆ ಕಾಯಿಲೆ ಉಂಟು, ಮಾತ್ರೆ ತೆಗೆದುಕೊಳ್ಳುತ್ತೇನೆ. ನಿಮ್ಮ ಹಾಗೆ ಊಟ ಕಡಿಮೆ ಮಾಡಿ ನೋಡಬೇಕು ಅಂತ ಆಸೆ. ಮಗಳು ಬೇಡ ಅನ್ನುತ್ತಾಳೆ. ಕಳೆದ ತಿಂಗಳು ರಾತ್ರಿ ಊಟ ಬಿಟ್ಟಾಗ ಬೆವರಿ, ಕೈ ನಡುಗಿತು.

ಮಂಜೇಶ್ವರದ ಡಯಟೀಷಿಯನ್

ಅಮ್ಮ, ಮಗಳು ಹೇಳಿದ್ದು ಸರಿ. ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಕಾಲು ಗಂಟೆ ಬಿಟ್ಟು ಸಕ್ಕರೆ ಪರೀಕ್ಷೆ ಮಾಡಿ. 70ಕ್ಕಿಂತ ಕೆಳಗೇ ಇದ್ದರೆ ಮತ್ತೊಮ್ಮೆ ಕುಡಿಯಿರಿ. ಸುಧಾರಿಸಿದ ಮೇಲೆ ಏನಾದರೂ ತಿನ್ನಿ. ನಿಮ್ಮ ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗಿ ಆ ರಾತ್ರಿಯ ವಿಷಯ ಹೇಳಿ. ತೂಕ ಇಳಿಸುವ ಆಸೆ ಉಂಟು ಅಂತಲೂ ಹೇಳಿ. ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಊಟ ಬದಲಿಸುವುದು ಕ್ರಮ. ಗರ್ಭಿಣಿಯರು, ಮಗುವಿಗೆ ಹಾಲು ಕೊಡುವವರು ಇಲ್ಲಿ ಓದುತ್ತಿದ್ದರೆ, ಈ 1450ರ ಮಾತು ನಿಮಗಲ್ಲ.

ಬದಿಯಡ್ಕದ ಹುಡುಗಿ

ನಾನು ಸ್ವಲ್ಪ ಬೇರೆ ವಿಷಯ ಹೇಳಬೇಕು. ಹಾಸ್ಟೆಲಿನಲ್ಲಿ ಇರುವಾಗ ನಾನೂ ಕ್ಯಾಲೊರಿ ಬರೆಯುತ್ತಿದ್ದೆ. ಮೊದಮೊದಲು ಚೆನ್ನಾಗಿತ್ತು. ಮತ್ತೆ ಹೆದರಿಕೆ ಶುರುವಾಯಿತು. ಯಾರ ಮನೆಗೂ ಊಟಕ್ಕೆ ಹೋಗುತ್ತಿರಲಿಲ್ಲ. ಬಾಳೆಹಣ್ಣು ತಿಂದರೂ ಅಳು ಬರುತ್ತಿತ್ತು. ಮುಟ್ಟು ನಿಂತುಹೋಯಿತು. ಅಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಮೇಲೆ ಸರಿಯಾಯಿತು. ಇಲ್ಲಿ ಬರೆಯುವವರು ದೊಡ್ಡವರು, ತಿಳಿದವರು. ಆದರೆ ಓದುವವರಲ್ಲಿ ನನ್ನಂಥ ಹುಡುಗಿಯರೂ ಇರಬಹುದು. ಸಂಖ್ಯೆ ನೋಡಿ ಭಯ ಆಗತೊಡಗಿದರೆ ಆಪ್ ತೆಗೆದುಹಾಕಿ, ಮನೆಯವರಿಗೆ ಹೇಳಿ.

ಉಪ್ಪಳದ ಅಡುಗೆಮನೆ

ತಂಗೀ, ನೀನು ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ನನ್ನ ಮಗಳಿಗೆ ಓದಲು ಕೊಡುತ್ತೇನೆ.

ನೀರ್ಚಾಲು ಟೀಚರ್

ಎಲ್ಲರಿಗೂ ಧನ್ಯವಾದ. ಬದಿಯಡ್ಕದ ತಂಗಿಯ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ನಮ್ಮ ಶಾಲೆಯ ದೊಡ್ಡ ತರಗತಿಯ ಮಕ್ಕಳಲ್ಲೂ ಊಟ ಬಿಡುವುದನ್ನು ನೋಡುತ್ತಿದ್ದೇನೆ.

ಕಾಯಿಯ ಲೆಕ್ಕ ಮಾಡಿದೆ. ಅತ್ತೆ ಬೇಸರ ಮಾಡಿಕೊಳ್ಳಲಿಲ್ಲ. ಸೌಟು ತಾವೇ ಎಣಿಸಿ ಕೊಟ್ಟರು! ನಮ್ಮ ನೀರ್‌ದೋಸೆಯದ್ದೂ ನೋಡಿದೆವು. 250 ಗ್ರಾಂ ಅಕ್ಕಿಯಲ್ಲಿ ಹತ್ತು ದೋಸೆ. ಅಕ್ಕಿ 100 ಗ್ರಾಮಿಗೆ 350 ಅಂದರೆ ಒಂದು ದೋಸೆಗೆ 90ರ ಹತ್ತಿರ. ದೋಸೆಗಿಂತ ಪಕ್ಕದ ಕಾಯಿಬೆಲ್ಲವೇ ಭಾರ.

ಈಗ ಇನ್ನೊಂದು ಚಿಂತೆ. ಮುಂದಿನ ವಾರ ಮದುವೆ ಉಂಟು, ಹಿಂದಿನ ದಿನದ ಊಟವೂ ಉಂಟು. ಹೋಳಿಗೆ, ಪಾಯಸ, ಬಡಿಸುವವರ ಒತ್ತಾಯ. ತಿನ್ನದಿದ್ದರೆ "ಸಪೂರ ಆಗಿದ್ದೀಯಾ, ಹುಷಾರಿಲ್ವಾ" ಎಂದು ಕೇಳುವವರು ಹತ್ತು ಜನ. ಒಂದು ದಿನ ಹಾಳಾದರೆ ವಾರವೆಲ್ಲ ಹಾಳು ಅನಿಸುತ್ತದೆ. ಏನು ಮಾಡುವುದು?

ಮಂಜೇಶ್ವರದ ಡಯಟೀಷಿಯನ್

ಟೀಚರ್, ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಬಿಟ್ಟುಬಿಡುವುದು ಇಲ್ಲಿಯೇ. ಮದುವೆ ಊಟದಿಂದ ಅಲ್ಲ, ಮದುವೆಯ ಮರುದಿನ.

ಲೆಕ್ಕ ನೋಡಿ. ನಿಮ್ಮ ದೇಹ ದಿನಕ್ಕೆ ಖರ್ಚು ಮಾಡುವುದು 1850. ಮದುವೆಯ ದಿನ 2400 ತಿಂದಿರಿ. ಹೆಚ್ಚಾದದ್ದು 550. ವಾರದ ಉಳಿದ ಆರು ದಿನ 1450ರಲ್ಲಿ ಇದ್ದರೆ ಉಳಿಸಿದ್ದು 2400. 550 ಕಳೆದರೂ 1850 ಉಳಿತಾಯವೇ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ಹಾಗಾದರೆ ಮದುವೆ ಇದ್ದ ವಾರದಲ್ಲೂ ಕಾಲು ಕಿಲೋದ ಹತ್ತಿರ ಇಳಿಯುತ್ತೀರಿ. ಎರಡು ದಿನ ಹೆಚ್ಚಾದರೂ ವಾರ ನಷ್ಟಕ್ಕೆ ಹೋಗುವುದಿಲ್ಲ. ಆದರೆ "ಇವತ್ತು ಹೇಗೂ ಕೆಟ್ಟಿತು, ಸೋಮವಾರದಿಂದ ಶುರು ಮಾಡುವ" ಅಂತ ನಾಲ್ಕು ದಿನ ಬಿಟ್ಟರೆ ಆ ವಾರ ಏನೂ ಉಳಿಯುವುದಿಲ್ಲ. ಅದಕ್ಕೆ ಗುರಿಯನ್ನು ದಿನಕ್ಕೆ ಹಾಕಿ, ತೀರ್ಮಾನವನ್ನು ವಾರಕ್ಕೆ ಮಾಡಿ.

ಮದುವೆಗೆ ಉಪವಾಸ ಇದ್ದು ಹೋಗಬೇಡಿ. ಬೆಳಗ್ಗೆ ಎರಡು ಮೊಟ್ಟೆಯೋ ಹೆಸರು ಉಸ್ಲಿಯೋ ತಿಂದು ಹೋಗಿ. ಎಲೆಯಲ್ಲಿ ಪಲ್ಯ, ಕೋಸಂಬರಿ, ಸಾರು ಮೊದಲು. ಹೋಳಿಗೆ ಇಷ್ಟವಾದರೆ ಒಂದು ಪೂರ್ತಿ ತಿನ್ನಿ, ಖುಷಿಯಿಂದ ತಿನ್ನಿ, ಪಾಯಸ ಬಿಡಿ. ಮರುದಿನ ತೂಕ ನೋಡಬೇಡಿ. ಉಪ್ಪು, ಅನ್ನ, ಸಿಹಿ ಜಾಸ್ತಿಯಾದಾಗ ದೇಹ ನೀರು ಹಿಡಿದಿಡುತ್ತದೆ. ದೇಹ ಕೂಡಿಟ್ಟ ಸಕ್ಕರೆಗೆ ಗ್ಲೈಕೋಜನ್ ಅನ್ನುತ್ತೇವೆ, ಅದರ ಒಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಕೂರುತ್ತದೆ. ಒಂದೂವರೆ ಕಿಲೋ ಹೆಚ್ಚಾದಂತೆ ಕಂಡರೂ ಅದು ಕೊಬ್ಬಲ್ಲ. ಮೂರುನಾಲ್ಕು ದಿನದಲ್ಲಿ ಹೋಗುತ್ತದೆ. ಮುಟ್ಟಿನ ಮೊದಲೂ ಹೀಗೆಯೇ. ಹೆಂಗಸರು ಈ ತಿಂಗಳ ತೂಕವನ್ನು ಕಳೆದ ತಿಂಗಳ ಅದೇ ಹೊತ್ತಿನ ತೂಕದ ಜೊತೆ ಹೋಲಿಸಬೇಕು.

ಕುಂಬಳೆಯ ರೈಲುಪ್ರಯಾಣಿಕ

ಮೊದಲ ಎರಡು ತಿಂಗಳು ಇಳಿದು ಆಮೇಲೆ ನಿಂತೇ ಹೋದರೆ? ನನಗೆ ಹಾಗೆ ಆಗಿದೆ. ತಿನ್ನುವುದು ಮೊದಲಿನಷ್ಟೇ.

ಮಂಜೇಶ್ವರದ ಡಯಟೀಷಿಯನ್

ಎರಡು ಸಾಧ್ಯತೆ ನೋಡಬೇಕು. ತೂಕ ಇಳಿದಾಗ ಖರ್ಚೂ ಇಳಿಯುತ್ತದೆ. ಟೀಚರ್ 72ರಿಂದ 65ಕ್ಕೆ ಬಂದರೆ ದಿನದ ಖರ್ಚು 1850ರಿಂದ 1750ಕ್ಕೆ ಬರುತ್ತದೆ. ಹಾಗಾಗಿ ನಾಲ್ಕೈದು ಕಿಲೋ ಇಳಿದ ಮೇಲೆ ಸೂತ್ರವನ್ನು ಹೊಸದಾಗಿ ಹಾಕಿ.

ಎರಡನೆಯದು, ಬರೆಯದೆ ಬಿಟ್ಟದ್ದು. ಇದು ಸುಳ್ಳು ಹೇಳುವ ವಿಷಯ ಅಲ್ಲ, ಎಲ್ಲರಿಗೂ ಆಗುವುದು. 1992ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುವವರನ್ನು ಆರಿಸಿ, ಗುರುತು ಹಾಕಿದ ವಿಶೇಷ ನೀರು ಕುಡಿಸಿ, ದೇಹದ ನಿಜವಾದ ಖರ್ಚನ್ನು ಅಳೆದರು. ದೇಹದಲ್ಲಿ ತೊಂದರೆ ಇರಲಿಲ್ಲ. ತಿಂದದ್ದರಲ್ಲಿ ಸರಾಸರಿ ಶೇಕಡಾ 47ರಷ್ಟು ಪುಸ್ತಕಕ್ಕೆ ಬಂದಿರಲಿಲ್ಲ. ನಮ್ಮಲ್ಲಿ ಆ ಬರೆಯದ ಪಾಲು ಎಲ್ಲಿರುತ್ತದೆ? ಮಕ್ಕಳ ಬಟ್ಟಲಲ್ಲಿ ಉಳಿದ ಅರ್ಧ ದೋಸೆ. ರುಚಿ ನೋಡಿದ ಪಾಯಸ. ಗೇರುಬೀಜ ಹುರಿಯುವಾಗ ಬಾಯಿಗೆ ಹಾಕಿಕೊಂಡದ್ದು, ಹತ್ತು ಬೀಜಕ್ಕೆ 85ರಿಂದ 90. ಬಾಳೆಕಾಯಿ ಚಿಪ್ಸಿನ ಪ್ಯಾಕೆಟು, 100 ಗ್ರಾಮಿಗೆ 500 ದಾಟುತ್ತದೆ. ಪ್ಯಾಕೆಟಿನ ಹಿಂದೆ ಬರೆದಿರುವುದು 100 ಗ್ರಾಮಿನದ್ದಾ, ಒಂದು ಪಾಲಿನದ್ದಾ ಎಂದೂ ನೋಡಿ. ಒಂದು ವಾರ ಇವನ್ನೆಲ್ಲ ತಿಂದ ಕೂಡಲೇ ಬರೆದು ನೋಡಿ. ರಾತ್ರಿ ನೆನಪು ಮಾಡಿಕೊಂಡು ಬರೆಯಬೇಡಿ.

ಆಪ್‌ನ ಸಂಖ್ಯೆಯ ಮೇಲೆ ಸಂಶಯ ಬಂದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರಗಳ ಪಟ್ಟಿ ನೋಡಬಹುದು. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. 4.184ರಿಂದ ಭಾಗಿಸಿದರೆ ಕ್ಯಾಲೊರಿ ಸಿಗುತ್ತದೆ.

ಪೆರ್ಲದ ತೋಟದವ

ಕೊನೆಗೆ ನನ್ನದೂ ಒಂದು ಪ್ರಶ್ನೆ. ನಮ್ಮಲ್ಲಿ ಹಲಸಿನ ಹಪ್ಪಳ ಇಲ್ಲದೆ ಮಳೆಗಾಲದ ಗಂಜಿ ಊಟ ಇಲ್ಲ. ಹಪ್ಪಳ ಎಣ್ಣೆ ಎಷ್ಟು ಕುಡಿಯಿತು ಅಂತ ತಿಳಿಯುವುದು ಹೇಗೆ?

ಉಪ್ಪಳದ ಅಡುಗೆಮನೆ

ಅಣ್ಣ, ನಾನು ಅಕ್ಕಿಹಿಟ್ಟಿನ ಪತ್ತಲ್ ಕರಿಯುವಾಗ ಮಾಡುವ ಕ್ರಮ ಹೇಳುತ್ತೇನೆ. ಕರಿಯುವ ಮೊದಲು ಎಣ್ಣೆ ಸಮೇತ ಬಾಣಲೆಯನ್ನು ತೂಗಿ. ಕರಿದು, ಪೂರ್ತಿ ಆರಿದ ಮೇಲೆ ಮತ್ತೆ ತೂಗಿ. ಕಡಿಮೆಯಾದಷ್ಟು ಗ್ರಾಮನ್ನು 9ರಿಂದ ಗುಣಿಸಿ, ಹಪ್ಪಳದ ಸಂಖ್ಯೆಯಿಂದ ಭಾಗಿಸಿ. ಒಣ ಹಪ್ಪಳದ ಲೆಕ್ಕ ಬೇರೆ ಸೇರಿಸಬೇಕು. ಎಣ್ಣೆ ಸರಿಯಾಗಿ ಕಾಯದಿದ್ದರೆ ಜಾಸ್ತಿ ಕುಡಿಯುತ್ತದೆ, ಅದನ್ನು ನೋಡಿಕೊಳ್ಳಿ. ಕೆಂಡದಲ್ಲಿ ಸುಟ್ಟರೆ ಈ ಎಣ್ಣೆಯ ಲೆಕ್ಕವೇ ಬೇಡ.

ಪೆರ್ಲದ ತೋಟದವ

ಬಚ್ಚಲಿನ ಒಲೆಯಲ್ಲಿ ಕೆಂಡ ದಿನಾ ಇರುತ್ತದೆ, ಅಕ್ಕ. ಕರಿದದ್ದು ಭಾನುವಾರಕ್ಕೆ ಇರಲಿ, ಉಳಿದ ದಿನ ಸುಟ್ಟದ್ದು. ಬಾಣಲೆ ತೂಗಿದ ಲೆಕ್ಕವನ್ನು ಇಲ್ಲಿಯೇ ಹಾಕುತ್ತೇನೆ, ಡಯಟೀಷಿಯನ್ ಒಮ್ಮೆ ನೋಡಿ ಹೇಳಿ.